ಯಾವ ಕೃಷಿ ಲೈವ್‌ಗೆ ಕೂರಬೇಕು? ಮೊದಲು ಪ್ರೊಫೈಲ್ ಓದಿ

ಸಂಜೆ ಆದರೆ ಸಾಕು, ಯೂಟ್ಯೂಬ್, ಫೇಸ್‌ಬುಕ್‌ನಲ್ಲಿ ಒಂದರ ಹಿಂದೆ ಒಂದು ಕೃಷಿ ಲೈವ್ ಶುರುವಾಗುತ್ತೆ. ಪಟ್ಟಿಯಲ್ಲಿ ನಮಗೆ ಕಾಣೋದು ಒಂದು ಫೋಟೋ, ಒಂದು ಸಾಲಿನ ಪರಿಚಯ, ಎಷ್ಟು ಜನ ನೋಡ್ತಿದ್ದಾರೆ ಅನ್ನೋ ಲೆಕ್ಕ. ಜನ ಜಾಸ್ತಿ ಇದ್ದಾರೆ ಅಂತ ಒಳಗೆ ಹೋಗೋ ಬದಲು ಪ್ರೊಫೈಲ್ ತೆರೆದು ಓದಿ. ನಾನು ನೋಡೋದು ಈ ನಾಲ್ಕು ವಿಷಯ.

1. ಯಾವ ಊರಿನವರು?
ಕರ್ನಾಟಕದಲ್ಲಿ 10 ಕೃಷಿ ಹವಾಮಾನ ವಲಯಗಳಿವೆ. ಅಡಿಕೆ ತೀರ್ಥಹಳ್ಳಿಯಲ್ಲೂ ಇದೆ, ಚನ್ನಗಿರಿಯಲ್ಲೂ ಇದೆ. ಒಂದು ಕಡೆ ಮಳೆಗಾಲದ ಕೊಳೆರೋಗದ ಚಿಂತೆ, ಇನ್ನೊಂದು ಕಡೆ ಬೇಸಿಗೆಯ ನೀರಿನ ಚಿಂತೆ. ಬಯಲುಸೀಮೆಯವರು "ನಾವು ಬೋರ್ಡೋ ಹೊಡೆಯೋದೇ ಇಲ್ಲ" ಅಂದರೆ ಅದು ಅವರ ತೋಟಕ್ಕೆ ಸರಿ ಇರಬಹುದು. ಅದನ್ನ ನಂಬಿ ಮಲೆನಾಡಿನವರು ಮಳೆಗೆ ಮುಂಚಿನ ಶೇ. 1ರ ಬೋರ್ಡೋ ಸಿಂಪಡಣೆ ಬಿಟ್ಟರೆ ಎಳೆಕಾಯಿ ಉದುರಿ ವರ್ಷದ ಫಸಲೇ ಹೋಗಬಹುದು.

2. ಒಂದೇ ತೋಟ ತೋರಿಸ್ತಾರಾ?
ಹಳೆಯ ವಿಡಿಯೋಗಳನ್ನ ಕೆಳಗೆ ಎಳೆದು ನೋಡಿ. ಅದೇ ಜಾಗ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಕಾಣಬೇಕು. ಕಾಳುಮೆಣಸು ನೆಟ್ಟರೆ ಫಸಲಿಗೆ ಮೂರು ವರ್ಷವಾದರೂ ಬೇಕು. ಆರು ತಿಂಗಳ ಬಳ್ಳಿ ತೋರಿಸಿ ಎಕರೆ ಆದಾಯ ಹೇಳೋರ ಮಾತು ಬರೀ ಅಂದಾಜು.

3. ಏನು ಮಾರ್ತಾರೆ?
ಸಸಿ, ಗೊಬ್ಬರ ಮಾರೋದು ತಪ್ಪಲ್ಲ. ಆದರೆ ಯಾರು ಏನೇ ಕೇಳಿದರೂ ಅದೇ ಬಾಟಲಿ ಹೇಳಿದರೆ ಹುಷಾರು. ಎಲೆ ಹಳದಿ ಆಗೋ ಸಮಸ್ಯೆಯನ್ನೇ ತಗೊಳ್ಳಿ. ಸಾರಜನಕ ಕಡಿಮೆಯಾದರೆ ಮೊದಲು ಹಳೆಯ ಎಲೆ ಹಳದಿ ಆಗುತ್ತೆ. ಕಬ್ಬಿಣದ ಕೊರತೆ ಇದ್ದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿರುತ್ತೆ. ಬುಡದಲ್ಲಿ ನೀರು ನಿಂತು ಬೇರು ಕೊಳೆತರೂ ಎಲೆ ಹಳದಿಯೇ. ಮೂರಕ್ಕೂ ಒಂದೇ ಔಷಧಿ ಆಗಲ್ಲ.

4. ತಿರುಗಿ ಪ್ರಶ್ನೆ ಕೇಳ್ತಾರಾ?
ಅವರ ಹಳೆಯ ಲೈವ್ ಒಂದನ್ನ ಹತ್ತು ನಿಮಿಷ ನೋಡಿ. ಗಿಡದ ವಯಸ್ಸೆಷ್ಟು, ಮಣ್ಣು ಯಾವುದು, ನೀರು ಹೇಗೆ ಕೊಡ್ತೀರಿ, ಈಗಾಗಲೇ ಏನು ಹಾಕಿದ್ದೀರಿ ಅಂತ ಕೇಳಿ ಆಮೇಲೆ ಉತ್ತರ ಕೊಡೋರ ಲೈವ್‌ಗೆ ಧೈರ್ಯವಾಗಿ ಕೂರಿ. "ಗೊತ್ತಿಲ್ಲ, ನೋಡಿ ಹೇಳ್ತೀನಿ" ಅನ್ನೋರಿದ್ದರೆ ಇನ್ನೂ ಒಳ್ಳೇದು.

ನಾಲ್ಕೂ ಸರಿ ಇದ್ದರೂ, ಅಲ್ಲಿ ಕೇಳಿದ ಹೊಸ ಪ್ರಯೋಗವನ್ನ ಮೊದಲು ಹತ್ತು ಗಿಡಕ್ಕೆ ಮಾಡಿ. ಪಕ್ಕದ ಹತ್ತು ಗಿಡ ಹಾಗೇ ಬಿಡಿ. ವ್ಯತ್ಯಾಸ ಕಂಡರೆ ಮಾತ್ರ ಇಡೀ ತೋಟಕ್ಕೆ.

ರೋಗ ಹರಡುತ್ತಿದ್ದರೆ ಮಾತ್ರ ಸಂಜೆಯ ಲೈವ್‌ಗೆ ಕಾಯಬೇಡಿ. ಕಿಸಾನ್ ಕಾಲ್ ಸೆಂಟರ್ 1800-180-1551 ಉಚಿತ ಕರೆ, ಕನ್ನಡದಲ್ಲೇ ಮಾತಾಡಬಹುದು. ರೋಗ ಬಂದ ಎಲೆ, ಕಾಯಿ ಹಿಡಿದು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದರೆ ಇನ್ನೂ ಉತ್ತಮ. ಕೈಯಲ್ಲಿ ಹಿಡಿದು ನೋಡಿದಷ್ಟು ಚೆನ್ನಾಗಿ ಯಾವ ಕ್ಯಾಮೆರಾದಲ್ಲೂ ರೋಗ ಗೊತ್ತಾಗಲ್ಲ.