ಹಿತ್ತಾಳೆ ಪೆನ್ನಿನ ಹೊಳಪು ಕಾಯುವ ಬಗೆ

ತಾಮ್ರ ಮತ್ತು ಸತುವಿನ ಮಿಶ್ರಲೋಹವಾದ ಹಿತ್ತಾಳೆ, ಲೇತಿನ ಮೇಲೆ ಉಜ್ಜಿ ಹೊಳಪು ಕೊಟ್ಟಾಗ ಬಂಗಾರದಂತೆ ಕಂಡರೂ, ಗಾಳಿಯ ಆಮ್ಲಜನಕ ಮತ್ತು ಗಂಧಕದ ಸಂಯುಕ್ತಗಳು ಅದರ ತಾಮ್ರದೊಡನೆ ವರ್ತಿಸಿ ತೆಳುವಾದ ಕಂದು ಪದರವನ್ನು ಮೂಡಿಸುವುದರಿಂದ ಕ್ರಮೇಣ ಮಂಕಾಗುತ್ತದೆ. ಕೈಯಿಂದ ತಯಾರಿಸಿದ ಪೆನ್ನಿಗೆ ಈ ಬಾಧೆ ದೇವರ ದೀಪಕ್ಕಿಂತ ಹೆಚ್ಚು. ಏಕೆಂದರೆ ಅದು ಸದಾ ಬೆರಳುಗಳ ನಡುವೆ ಇರುವ ವಸ್ತು, ಬೆವರಿನ ಉಪ್ಪು ಆ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ.

ಹುಣಸೆಹಣ್ಣಿನ ಆಮ್ಲ ಆ ಪದರವನ್ನು ಕರಗಿಸಬಲ್ಲದೇ ಹೊರತು ಮರಳಿ ಬಾರದಂತೆ ತಡೆಯಲಾರದು. ಸರಿಯಾಗಿ ತೊಳೆಯದಿದ್ದರೆ ಹಸಿರು ಕಿಲುಬಿಗೂ ಅದೇ ಕಾರಣವಾದೀತು. ಪಾಲಿಶಿನ ಜಿಡ್ಡನ್ನು ಅಸಿಟೋನಿನಿಂದ ಒರೆಸಿ, ಬರಿಗೈ ತಾಗಿಸದೆ, ಲ್ಯಾಕರನ್ನು, ಎಂದರೆ ದ್ರಾವಕ ಆರಿದ ಮೇಲೆ ಪಾರದರ್ಶಕ ಪೊರೆಯಾಗುವ ರಾಳದ ಲೇಪವನ್ನು, ತೆಳುವಾಗಿ ಸಿಂಪಡಿಸುವುದು ಒಂದು ಕ್ರಮ. ಇನ್‌ಕ್ರಾಲ್ಯಾಕ್ ಎಂಬ ಅಕ್ರಿಲಿಕ್ ಲ್ಯಾಕರಿನಲ್ಲಿ, ತಾಮ್ರಕ್ಕೆ ಅಂಟಿಕೊಂಡು ಅದರ ಕೊರೆತವನ್ನು ತಡೆಯುವ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕವೂ ಬೆರೆತಿರುತ್ತದೆ. ಆದರೆ ಗೀರು ಬಿದ್ದ ಕಡೆ ಗಾಳಿ ನುಗ್ಗಿ ಕಲೆಯು ಪೊರೆಯ ಅಡಿಯಲ್ಲಿ ಹರಡಿತೆಂದರೆ, ಇಡೀ ಲೇಪವನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ನಿತ್ಯ ಬಳಸುವ ಪೆನ್ನಿಗೆ, ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರಿನೈಸಾನ್ಸ್ ವ್ಯಾಕ್ಸ್‌ನಂಥ, ಪೆಟ್ರೋಲಿಯಂನಿಂದ ಪಡೆದ ಸೂಕ್ಷ್ಮ ಹರಳುಗಳ ಮೇಣವೇ ಮೇಲು. ಅದು ಬೇಗ ಸವೆದರೂ, ಮೆತ್ತನೆಯ ಬಟ್ಟೆಯಿಂದ ಮನೆಯಲ್ಲೇ ಮತ್ತೆ ಹಚ್ಚಿ ಉಜ್ಜಬಹುದು.