ದೊಡ್ಡ ಸಮುದ್ರಮೀನಿಗೆ ಮರದ ಹುಸಿಮೀನು: ತಯಾರಿಕೆಯೂ ದುರಸ್ತೂ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಸಮುದ್ರತೀರದಲ್ಲಿ ಸ್ಟ್ರೈಪ್ಡ್ ಬ್ಯಾಸ್ ಎಂಬ ದೊಡ್ಡ ಮೀನು ದೊರೆಯುತ್ತದೆ. ಬೆಳ್ಳಿಯ ಬಣ್ಣದ ಮೈಮೇಲೆ ತಲೆಯಿಂದ ಬಾಲದವರೆಗೆ ಏಳೆಂಟು ಕಪ್ಪು ಗೀರುಗಳಿರುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಇದು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡುವುದಕ್ಕೆ ವಸಂತಕಾಲದಲ್ಲಿ ಸಿಹಿನೀರಿನ ನದಿಗಳನ್ನು ಏರುತ್ತದೆ. ಇಪ್ಪತ್ತು ಮೂವತ್ತು ಪೌಂಡು ತೂಕದವು ಅಪರೂಪವಲ್ಲ. 2011ರಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 81 ಪೌಂಡಿಗೂ ಮೇಲ್ಪಟ್ಟು ತೂಗಿತು.

ಈ ಮೀನನ್ನು ಹಿಡಿಯುವುದಕ್ಕೆ ಆ ತೀರದವರು ಮರದಿಂದ ಚಿಕ್ಕ ಮೀನಿನ ಆಕಾರವನ್ನು ಕಡೆದು, ಬಣ್ಣ ಹಚ್ಚಿ, ಕೊಕ್ಕೆಗಳನ್ನು ತೂಗುಹಾಕಿ, ದಾರಕ್ಕೆ ಕಟ್ಟಿ ಅಲೆಗಳೊಳಗೆ ಎಸೆದು ಎಳೆಯುತ್ತಾರೆ. ದೊಡ್ಡ ಮೀನು ಇದನ್ನು ತನ್ನ ಆಹಾರವೆಂದು ಭ್ರಮಿಸಿ ನುಂಗಲು ಬರುತ್ತದೆ. ಇದನ್ನು ಇಲ್ಲಿ ಹುಸಿಮೀನು ಎಂದು ಕರೆದಿದೆ. ಚಳಿಗಾಲದಲ್ಲಿ ಈ ಮೀನುಗಳು ಬಹುಮಟ್ಟಿಗೆ ದಕ್ಷಿಣಕ್ಕೆ ಸರಿದುಹೋಗುವುದರಿಂದ, ಆ ಬಿಡುವಿನ ತಿಂಗಳುಗಳಲ್ಲಿ ಅನೇಕರು ಮನೆಯಲ್ಲಿಯೇ ಕುಳಿತು ಹುಸಿಮೀನುಗಳನ್ನು ತಯಾರಿಸುವರು. ಕೆಲವರಿಗೆ ಇದೊಂದು ಉಪಕಸುಬಾಗಿಯೂ ಇದೆ.

ಸಮುದ್ರವನ್ನು ಕಾಣದ ಗ್ರಾಮಗಳವರಿಗೆ ಇದರಿಂದೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಮರದ ವಸ್ತುವೊಂದು ನೀರಿಗೂ ಎಳೆತಕ್ಕೂ ಏಕಕಾಲದಲ್ಲಿ ಗುರಿಯಾದಾಗ ಅದನ್ನು ಬಾಳಿಸುವುದು ಹೇಗೆಂಬುದೇ ಈ ಕಸುಬಿನ ತಿರುಳು. ನೇಗಿಲು, ಗಾಡಿ, ಗುದ್ದಲಿಕಾವುಗಳನ್ನು ಇಟ್ಟುಕೊಂಡಿರುವ ಪ್ರತಿಯೊಬ್ಬ ಒಕ್ಕಲಿಗನಿಗೂ ಇದೇ ಪ್ರಶ್ನೆಯುಂಟು.

ಮರದ ಆಯ್ಕೆ

ನೀರಿನ ಮೇಲ್ಭಾಗದಲ್ಲಿ ತೇಲಿ ಈಜತಕ್ಕ ಹುಸಿಮೀನಿಗೆ ಸೀಡರ್, ಬಿಳಿ ಪೈನ್ ಮುಂತಾದ ಹಗುರವಾದ ಮರಗಳನ್ನೂ, ಆಳಕ್ಕಿಳಿಯಬೇಕಾದುದಕ್ಕೆ ಮೇಪಲ್, ಬರ್ಚ್ ಮುಂತಾದ ಗಟ್ಟಿ ಮರಗಳನ್ನೂ ಉಪಯೋಗಿಸುವರು. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು, ಎಳೆ ನೇರವಾಗಿರಬೇಕು, ಗಂಟಾಗಲಿ ಸೀಳಾಗಲಿ ಇರಕೂಡದು. ಹಸಿಮರದಿಂದ ಮಾಡಿದ ವಸ್ತು ಒಣಗುವಾಗ ಕುಗ್ಗಿ ಬಿರಿಯುವುದರಿಂದ ಅನಂತರ ಮಾಡಿದ ಕೆಲಸವೆಲ್ಲ ವ್ಯರ್ಥವಾಗುವುದು. ಸಾಧಾರಣವಾದ ಹುಸಿಮೀನು ಆರೇಳು ಅಂಗುಲ ಉದ್ದವಾಗಿಯೂ, ಒಂದೂಕಾಲು ಅಂಗುಲದಷ್ಟು ದಪ್ಪವಾಗಿಯೂ, ಎರಡು ಮೂರು ಔನ್ಸು ತೂಕವಾಗಿಯೂ ಇರುತ್ತದೆ.

ಉದ್ದಕ್ಕೂ ಹೋಗುವ ತಂತಿ

ಮರದ ತುಂಡು ಚೌಕವಾಗಿರುವಾಗಲೇ ತಲೆಯಿಂದ ಬಾಲದವರೆಗೆ ಸರಿಯಾಗಿ ನಡುವೆ ಬೈರಿಗೆಯಿಂದ ರಂಧ್ರ ಕೊರೆದು, ಅನಂತರ ಲೇತಿಗೆ ಹಾಕಿ ಕಡೆಯುವುದು ಉತ್ತಮ. ಒಂದೇ ತುದಿಯಿಂದ ಕೊರೆದರೆ ಬೈರಿಗೆ ಎಳೆಯನ್ನು ಅನುಸರಿಸಿ ಓರೆಯಾಗುವ ಸಂಭವವಿರುವುದರಿಂದ, ಎರಡು ತುದಿಗಳಿಂದಲೂ ಕೊರೆದು ನಡುವೆ ಕೂಡಿಸುವರು. ಈ ರಂಧ್ರದಲ್ಲಿ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ದಪ್ಪವಾದ, ತುಕ್ಕು ಹಿಡಿಯದ ಉಕ್ಕಿನ ತಂತಿಯನ್ನು ಸೇರಿಸಿ, ಎರಡು ಕೊನೆಗಳಲ್ಲಿಯೂ ಕುಣಿಕೆಯಾಗಿ ಹೊಸೆಯತಕ್ಕದ್ದು. ಮುಂದಿನ ಕುಣಿಕೆಗೆ ದಾರವನ್ನೂ ಹಿಂದಿನದಕ್ಕೆ ಕೊಕ್ಕೆಯನ್ನೂ ಕಟ್ಟುವರು. ಹೊಟ್ಟೆಯ ಭಾಗದಲ್ಲಿ ಇನ್ನೊಂದು ರಂಧ್ರವನ್ನು ಉದ್ದದ ರಂಧ್ರಕ್ಕೆ ಕೂಡುವಂತೆ ಕೊರೆದು, ಸ್ವಿವೆಲ್ ಎಂಬ ತಿರುಗುವ ಕೊಂಡಿಯನ್ನು ಅದರೊಳಗೆ ಇಳಿಸಿ, ಅದರ ಕಣ್ಣಿನ ಮೂಲಕ ತಂತಿಯನ್ನು ದಾಟಿಸಿ, ಆ ಕೊಂಡಿಗೆ ಹೊಟ್ಟೆಯ ಕೊಕ್ಕೆಯನ್ನು ತೂಗುಹಾಕುವರು.

ಇಷ್ಟು ಶ್ರಮವೇಕೆಂದರೆ, ಮರಕ್ಕೆ ತಿರುಪುಮೊಳೆಯನ್ನು ಮಾತ್ರ ಹಾಕಿ ಕೊಕ್ಕೆ ಕಟ್ಟಿದರೆ, ದೊಡ್ಡ ಮೀನು ತಲೆಯೊದರಿದಾಗ ಮೊಳೆ ಮರದಿಂದ ಕಿತ್ತು ಬರುವುದುಂಟು. ಆಗ ಮೀನು ಕೈತಪ್ಪುವುದಲ್ಲದೆ ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡೇ ಹೋಗುವುದು. ತಂತಿ ಉದ್ದಕ್ಕೂ ಇದ್ದರೆ ಮರ ಸೀಳಿದರೂ ಮೀನಿಗೂ ದಾರಕ್ಕೂ ನಡುವಿನ ಸಂಬಂಧ ಕಡಿಯುವುದಿಲ್ಲ. ಎಳೆತವನ್ನು ತಂತಿ ತಾಳುತ್ತದೆ. ಮರ ಆಕಾರವನ್ನು ಮಾತ್ರ ಕೊಡುತ್ತದೆ.

ತೂಕ ಮತ್ತು ತುಟಿ

ಹುಸಿಮೀನು ಮಗುಚದಂತೆ ಹೊಟ್ಟೆಯಲ್ಲಿ ಸೀಸದ ಚಿಕ್ಕ ಗಟ್ಟಿಯನ್ನು ಹುದುಗಿಸುವರು. ಕರಗಿದ ಸೀಸವನ್ನು ತೇವವಿರುವ ಮರಕ್ಕೆ ಹೊಯ್ದರೆ ಅದು ಸಿಡಿದು ಮೈ ಸುಡುವುದು. ಅದರ ಹೊಗೆಯೂ ಧೂಳೂ ವಿಷಕರವಾದುವು. ಆದುದರಿಂದ ಎರಕಹೊಯ್ದ ಗಟ್ಟಿಯನ್ನೇ ತಂದು ಅಂಟಿಸುವುದು ಮೇಲು. ಈಜುವ ಜಾತಿಯ ಹುಸಿಮೀನಿಗೆ ಗದ್ದದ ಕೆಳಗೆ ಲೋಹದ ತಗಡಿನ ತುಟಿಯೊಂದನ್ನು ಸೇರಿಸುವರು. ಎಳೆದಾಗ ಇದು ನೀರನ್ನು ತಡೆದು ಮೈಯನ್ನು ಎಡಬಲಕ್ಕೆ ಓಲಾಡಿಸುತ್ತದೆ. ಬಣ್ಣ ಹಚ್ಚುವ ಮೊದಲೇ ಕೊಕ್ಕೆಗಳನ್ನು ತೂಗಿಸಿ ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಬೇಕು. ಎಳೆದಾಗ ಯಾವ ಪಕ್ಕಕ್ಕೆ ಓರೆಯಾಗಿ ಓಡುವುದೋ ಅದಕ್ಕೆ ಎದುರು ಪಕ್ಕಕ್ಕೆ ಮುಂದಿನ ಕುಣಿಕೆಯನ್ನು ತುಸು ಬಾಗಿಸಿದರೆ ನೇರವಾಗುವುದು.

ಎಣ್ಣೆ ಕುಡಿಸುವುದು

ಇದೇ ಎಲ್ಲಕ್ಕಿಂತ ಮುಖ್ಯವಾದ ಘಟ್ಟ. ರಂಧ್ರಗಳನ್ನೆಲ್ಲ ಕೊರೆದು, ಉಪ್ಪುಕಾಗದದಿಂದ ನಯಮಾಡಿದ ಬಳಿಕ, ತಂತಿ ಹಾಕುವ ಮೊದಲು, ಮರವನ್ನು ಕುದಿಸಿದ ಅಗಸೆ ಎಣ್ಣೆ ಮತ್ತು ಟರ್ಪೆಂಟೈನುಗಳ ಸಮಪಾಲಿನ ಮಿಶ್ರಣದಲ್ಲಿ ಮುಳುಗಿಸುವರು. ಹೀಗೆ ಮಾಡಿದರೆ ಹೊರಮೈ ಮಾತ್ರವಲ್ಲದೆ ರಂಧ್ರಗಳ ಒಳಮೈಯೂ ಎಣ್ಣೆಯನ್ನು ಹೀರುತ್ತದೆ. ನೀರು ಮೊದಲು ನುಗ್ಗುವುದು ಈ ರಂಧ್ರಗಳಿಂದಲೂ, ಎಳೆ ಕಡಿದ ತುದಿಗಳಿಂದಲೂ ಎಂಬುದನ್ನು ಮರೆಯಕೂಡದು.

ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಇದಕ್ಕೆ ಒಂದೆರಡು ವಾರಗಳಾದರೂ ಬೇಕು. ಎಣ್ಣೆಯ ವಾಸನೆಯೂ ಜಿಡ್ಡೂ ಹೋಗುವುದಕ್ಕೆ ಮೊದಲೇ ಆತುರದಿಂದ ಬಣ್ಣ ಬಳಿದರೆ ಬಣ್ಣ ಹಿಡಿಯದೆ ಪೊರೆಪೊರೆಯಾಗಿ ಏಳುವುದು. ಎಣ್ಣೆ ಗಟ್ಟಿಯಾದ ಮೇಲೆ ಅಸ್ತರು ಬಣ್ಣ, ಅನಂತರ ಮೇಲುಬಣ್ಣ, ಕೊನೆಗೆ ಪಾರದರ್ಶಕವಾದ ಗಟ್ಟಿ ಲೇಪ, ಹೀಗೆ ಕ್ರಮವಾಗಿ ಹಚ್ಚತಕ್ಕದ್ದು.

ಎಚ್ಚರಿಕೆ: ಅಗಸೆ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖದಿಂದ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ದುರಸ್ತು

ಕೊಕ್ಕೆಗಳ ಉಜ್ಜುವಿಕೆಯಿಂದಲೂ, ಬಂಡೆಗಳ ಪೆಟ್ಟಿನಿಂದಲೂ, ಬ್ಲೂಫಿಷ್ ಎಂಬ ಹರಿತವಾದ ಹಲ್ಲಿನ ಮೀನಿನ ಕಡಿತದಿಂದಲೂ ಬಣ್ಣ ಕಿತ್ತುಹೋಗುವುದು. ಸಣ್ಣ ಗಾಯವೆಂದು ಉದಾಸೀನ ಮಾಡಿದರೆ, ಅಲ್ಲಿಂದ ನೀರು ಇಳಿದು ಮರ ಉಬ್ಬಿ, ಸುತ್ತಲಿನ ಬಣ್ಣ ಗುಳ್ಳೆಯೇಳುವುದು. ಒಣಗಿದಾಗ ಮರ ಬಿರಿಯುವುದು. ಆಗ ತೂಕವೂ ಓಲಾಟವೂ ಕೆಡುವುವು.

ಹಾಳಾದ ಹುಸಿಮೀನಿನ ಕೊಕ್ಕೆಗಳನ್ನು ಬಿಚ್ಚಿ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಕೆಲವು ವಾರ ಒಣಗಲು ಬಿಡಬೇಕು. ಒದ್ದೆಮರದ ಮೇಲೆ ಬಣ್ಣ ಹಚ್ಚುವುದೆಂದರೆ ನೀರನ್ನು ಒಳಗೆ ಕೂಡಿಹಾಕಿದಂತೆಯೇ ಸರಿ. ಒಣಗಿದ ಮೇಲೆ ಸಡಿಲವಾದ ಬಣ್ಣವನ್ನು ಕೆರೆದು, ತಗ್ಗುಗಳನ್ನು ನೀರಿಗೆ ಕರಗದ ಇಪಾಕ್ಸಿ ಅಂಟಿನೊಡನೆ ಮರದ ಹುಡಿಯನ್ನು ಕಲಸಿ ತುಂಬಿ, ನಯಮಾಡಿ, ಹೊಸದರಂತೆಯೇ ಬಣ್ಣ ಹಚ್ಚುವರು. ಉದ್ದುದ್ದ ಸೀಳಿದ್ದರೆ ಅಂಟು ತುಂಬಿ ದಾರದಿಂದ ಬಿಗಿಯಾಗಿ ಸುತ್ತಿಡುವರು. ಹಲವು ಸಲ ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಪೆಡಸಾಗಿ ಮುರಿಯುವುದರಿಂದ ಅದನ್ನು ಬದಲಾಯಿಸಲೇಬೇಕು. ಮರ ಕೊಳೆತಿದ್ದರೆ ದುರಸ್ತಿನ ಆಸೆಯನ್ನು ಬಿಟ್ಟು, ತುಟಿ ಮತ್ತು ಕೊಂಡಿಗಳನ್ನು ಮುಂದಿನ ಕೆಲಸಕ್ಕೆ ತೆಗೆದಿರಿಸತಕ್ಕದ್ದು.

ಮೀನಿನ ರಕ್ಷಣೆ

ಎಷ್ಟು ಒಳ್ಳೆಯ ಹುಸಿಮೀನಾದರೂ ನೀರಿನಲ್ಲಿ ಮೀನಿಲ್ಲದಿದ್ದರೆ ನಿಷ್ಪ್ರಯೋಜಕ. 1970ರ ದಶಕದ ಕೊನೆಯಿಂದ ಈ ಮೀನು ಬಹಳವಾಗಿ ಕ್ಷೀಣಿಸಿತು. 1984ರಲ್ಲಿ ಇದರ ರಕ್ಷಣೆಗೆಂದು ಆ ದೇಶದಲ್ಲಿ ಶಾಸನವಾಯಿತು. ಮೇರಿಲ್ಯಾಂಡ್ ಸಂಸ್ಥಾನವು 1985ರಿಂದ 1990ರವರೆಗೆ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು. 1995ರಲ್ಲಿ ಮೀನಿನ ಸಂತತಿ ಚೇತರಿಸಿಕೊಂಡಿತೆಂದು ಪ್ರಕಟವಾಯಿತು. ಆದರೆ ಅತಿಯಾಗಿ ಹಿಡಿದುದರಿಂದ ಮತ್ತೆ ಇಳಿಮುಖವಾಗಲು, 2023ರಲ್ಲಿ ಸಮುದ್ರದಲ್ಲಿ ವಿನೋದಕ್ಕಾಗಿ ಗಾಳ ಹಾಕುವವರು ದಿನಕ್ಕೆ 28 ರಿಂದ 31 ಅಂಗುಲದೊಳಗಿನ ಒಂದು ಮೀನನ್ನು ಮಾತ್ರ ಇಟ್ಟುಕೊಳ್ಳಬಹುದೆಂದು ಕಟ್ಟುಮಾಡಲಾಯಿತು. ದೊಡ್ಡ ಹೆಣ್ಣುಮೀನು ಲಕ್ಷಾಂತರ ಮೊಟ್ಟೆಗಳನ್ನಿಡುವುದರಿಂದ ಅದನ್ನು ಉಳಿಸುವುದು ಬಿತ್ತನೆಯ ಕಾಳನ್ನು ಉಳಿಸಿದಂತೆ. ಬಿಡಬೇಕಾದ ಮೀನಿಗೆ ಹೆಚ್ಚು ಗಾಯವಾಗದಂತೆ, ತಿಳಿದವರು ಮೂರು ಮೊನೆಯ ಕೊಕ್ಕೆಗೆ ಬದಲಾಗಿ ಒಂಟಿ ಮೊನೆಯದನ್ನು ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡುವರು.

ಗ್ರಾಮಸ್ಥರಿಗೆ ಅನ್ವಯ

ಒಣಗಿದ ಮರವನ್ನೇ ಆರಿಸುವುದು, ನೀರು ತಾಗುವ ಮೊದಲೇ ಎಣ್ಣೆ ಕುಡಿಸುವುದು, ಸಣ್ಣ ಬಿರುಕನ್ನು ಆಗಿಂದಾಗ್ಗೆ ಮುಚ್ಚುವುದು, ಈ ಮೂರು ನಿಯಮಗಳು ಬೇಸಾಯದ ಉಪಕರಣಗಳಿಗೂ ಸಲ್ಲುವುವು. ಅಗಸೆ ನಮ್ಮ ಉತ್ತರದ ಜಿಲ್ಲೆಗಳ ಎರೆಭೂಮಿಯಲ್ಲಿ ಬೆಳೆಯುವ ಪೈರೇ ಆಗಿದೆ. ಮುಂಗಾರಿಗೆ ಒಂದು ತಿಂಗಳು ಮುಂಚೆ, ಬಿಸಿಲು ಇರುವಾಗಲೇ, ಕಾವುಗಳಿಗೂ ನೊಗಗಳಿಗೂ, ವಿಶೇಷವಾಗಿ ಅವುಗಳ ಕಡಿದ ತುದಿಗಳಿಗೂ ರಂಧ್ರಗಳಿಗೂ, ಈ ಎಣ್ಣೆಯನ್ನು ಹಚ್ಚಿ ಚೆನ್ನಾಗಿ ಆರಗೊಡಬೇಕು. ಗೆದ್ದಲಿಗೆ ಇದು ಮದ್ದಲ್ಲವಾದರೂ, ನೆನೆದು ಒಣಗಿ ಬಿರಿಯುವ ನಷ್ಟವನ್ನು ಇದು ಬಹಳಮಟ್ಟಿಗೆ ತಗ್ಗಿಸುವುದು. ಮಳೆ ಬಂದ ಮೇಲೆ ಬಡಗಿಯನ್ನು ಹುಡುಕುವುದಕ್ಕಿಂತ ಬೇಸಗೆಯಲ್ಲಿ ಒಂದು ದಿನ ಈ ಕೆಲಸಕ್ಕೆ ಮೀಸಲಿಡುವುದು ಲಾಭಕರ. ಭೂಮಾಲೀಕರು ಮೊದಲು ತಮ್ಮ ಮನೆಗಳಲ್ಲಿ ಇದನ್ನು ಮಾಡಿ ತೋರಿಸಿದರೆ, ಉಳಿದ ರೈತರು ತಾವಾಗಿಯೇ ಅನುಸರಿಸುವರು.