ಮೂರು ಬಕೆಟ್ ನೀರು, ಮಿರಮಿರ ಮಿಂಚುವ ಕಾರು

ಆಯುಧಪೂಜೆಯ ಹಿಂದಿನ ದಿನ ನಮ್ಮ ನಾಡಿನ ಯಾವ ಊರಿಗೆ ಹೋದರೂ ಒಂದೇ ನೋಟ. ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಅಭ್ಯಂಜನ! ಮನೆಮನೆಯ ಮುಂದೆ ಪೈಪು ಸುರಿಯುತ್ತಿರುತ್ತದೆ, ಬೀದಿಯುದ್ದಕ್ಕೂ ನೊರೆನೀರು ಓಡುತ್ತಿರುತ್ತದೆ. ಹಬ್ಬಕ್ಕೊಮ್ಮೆ ಹೀಗಾದರೆ ಇರಲಿ ಎನ್ನಬಹುದು. ಪ್ರತಿ ಭಾನುವಾರವೂ ಹೀಗೇ ಆದರೆ?

ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಹಳೆಯದಾದ ಒಂದು ಚಿಕ್ಕ ಕಾರಿದೆ. ಅದನ್ನು ತೊಳೆಯುವುದು ನನ್ನ ಮತ್ತು ಏಳನೇ ತರಗತಿಯಲ್ಲಿ ಓದುವ ಮೊಮ್ಮಗಳ ಕೆಲಸ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಅವಳಿಗೋ ಕಂಡದ್ದಕ್ಕೆಲ್ಲ ‘ಯಾಕೆ ತಾತ?’ ಎಂದು ಕೇಳುವ ಸ್ವಭಾವ. ಹೀಗಾಗಿ ನಮ್ಮ ಕಾರು ತೊಳೆಯುವಿಕೆ ಅರ್ಧ ಕೆಲಸ, ಅರ್ಧ ಪಾಠ. ಆ ಪಾಠದ ಸಾರ ಇಷ್ಟೇ: ಕಾರು ಹೊಳೆಯಲು ನೀರು ಹೆಚ್ಚು ಬೇಕಿಲ್ಲ, ಕೆಲಸದ ಕ್ರಮ ಸರಿಯಿದ್ದರೆ ಸಾಕು.

ಪೈಪಿನ ಲೆಕ್ಕ

2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ನಮ್ಮ ಬಡಾವಣೆಯ ಕೊಳವೆಬಾವಿ ಬತ್ತಿತು. ಟ್ಯಾಂಕರ್ ಬಂದ ದಿನವೇ ಬಟ್ಟೆ ಒಗೆಯುವುದು ಎನ್ನುವಂತಾಯಿತು. ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಪ್ರಕಟಿಸಿತು.

“ಒಂದು ಕಾರು ತೊಳೆದರೆ ಅಷ್ಟೊಂದು ನೀರು ಹೋಗುತ್ತದಾ ತಾತ?” ಎಂದಳು ಮೊಮ್ಮಗಳು.

“ನೀನೇ ಅಳೆದು ನೋಡು” ಎಂದೆ.

15 ಲೀಟರಿನ ಬಕೆಟ್ಟಿಗೆ ಪೈಪು ಹಿಡಿದಳು. ನಾನು ಗಡಿಯಾರ ಹಿಡಿದೆ. ಬಕೆಟ್ ತುಂಬಲು ಒಂದು ನಿಮಿಷ ಹಿಡಿಯಿತು. ಹಾಗಾದರೆ ಹದಿನೈದು ನಿಮಿಷ ಪೈಪು ಬಿಟ್ಟರೆ 225 ಲೀಟರ್. ತುಂಬಿದ ಬಕೆಟ್ ಹಾಗೇ ಉಳಿಯಿತು, ಅದು ಗಿಡಗಳ ಪಾಲಾಯಿತು.

ಈ 225 ಲೀಟರ್ ಎಂದರೆ ಎಷ್ಟು? ನಮ್ಮ ದೇಶದಲ್ಲಿ ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಯೋಜನೆಗಳ ಲೆಕ್ಕ. ಹಳ್ಳಿಗಳ ಮನೆಮನೆಗೆ ನಲ್ಲಿ ಹಾಕಿಸುವ ಜಲಜೀವನ್ ಮಿಷನ್ನಿನ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಹಳ್ಳಿಯ ನಾಲ್ಕು ಜನರ ಕುಟುಂಬ ಕುಡಿದು, ಅಡುಗೆ ಮಾಡಿ, ಮಿಂದು, ಒಗೆದು ಬಳಸುವಷ್ಟು ನೀರನ್ನು ನಮ್ಮ ಕಾರು ಹದಿನೈದು ನಿಮಿಷದಲ್ಲಿ ಕುಡಿಯುತ್ತದೆ!

ಬೆಂಗಳೂರಿನ ಕಾವೇರಿ ನೀರು ಪುಕ್ಕಟೆಯಾಗಿ ಹರಿದು ಬರುವುದೂ ಇಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಅದನ್ನು ಪಂಪು ಮಾಡಿ ತರಬೇಕು. ದಾರಿಯಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಅಂಥ ನೀರನ್ನು ಚಕ್ರದ ಕೆಸರಿಗೆ ಸುರಿಯಲು ಯಾರಿಗೆ ಮನಸ್ಸು ಬಂದೀತು?

ಅಂದಿನಿಂದ ನಮ್ಮ ಮನೆಯಲ್ಲಿ ಕಾರಿಗೆ ಮೂರೇ ಬಕೆಟ್. 45 ಲೀಟರ್. ಉಳಿಯುವುದು 180 ಲೀಟರ್. ವಾರಕ್ಕೊಮ್ಮೆಯಂತೆ 52 ವಾರಕ್ಕೆ 9,360 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಇದು ಒಂದೂವರೆ ಟ್ಯಾಂಕರಿಗೂ ಮಿಗಿಲು.

ಕೂದಲಿಗಿಂತ ತೆಳುವಾದ ಅಂಗಿ

ನೀರು ಕಡಿಮೆ ಮಾಡಿದರೆ ಕಾರಿನ ಬಣ್ಣ ಹಾಳಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ಮೊದಲು ಕಾರಿನ ಬಣ್ಣ ಹೇಗಿರುತ್ತದೆ ಎಂದು ತಿಳಿಯೋಣ.

ಇಂದಿನ ಬಹುಪಾಲು ಕಾರುಗಳು ಒಂದರ ಮೇಲೊಂದು ಅಂಗಿ ತೊಟ್ಟಿರುತ್ತವೆ. ಉಕ್ಕಿನ ತಗಡಿಗೆ ತುಕ್ಕು ಹಿಡಿಯದಂತೆ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ‘ಕ್ಲಿಯರ್ ಕೋಟ್’. ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಅಂದರೆ ಕಾರಿನ ಇಡೀ ಬಣ್ಣ ಎರಡು ಕೂದಲಿನ ದಪ್ಪ, ಹೊಳಪು ಕೊಡುವ ಕ್ಲಿಯರ್ ಕೋಟ್ ಒಂದು ಕೂದಲಿಗಿಂತಲೂ ತೆಳು!

ಈಗ ಧೂಳಿನ ಕಡೆ ನೋಡಿ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ಗಡಸುತನ ಅಳೆಯುವ ಮೋಸ್ ಅಳತೆಗೋಲಿನಲ್ಲಿ ನಮ್ಮ ಉಗುರಿಗೆ ಸುಮಾರು ಎರಡೂವರೆ, ಕಿಟಕಿ ಗಾಜಿಗೆ ಸುಮಾರು ಐದೂವರೆ, ಬೆಣಚುಕಲ್ಲಿಗೆ 7, ವಜ್ರಕ್ಕೆ 10. ಒಣ ಬಟ್ಟೆಯಿಂದ ಕಾರು ಒರೆಸಿದರೆ ಆ ಹರಳುಗಳು ಬಟ್ಟೆಯ ಕೆಳಗೆ ಸಿಕ್ಕಿ ಉಪ್ಪುಕಾಗದದಂತೆ ಉಜ್ಜುತ್ತವೆ. ಬಿಸಿಲಿನಲ್ಲಿ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರಬಲೆಯಂಥ ಸಣ್ಣ ಗೀರುಗಳು ಕಾಣುತ್ತವಲ್ಲ, ಹಲವು ಸಲ ಅವು ಹೀಗೆ ಹುಟ್ಟಿದವೇ. ಆದ್ದರಿಂದ ಬಣ್ಣ ಕೆಡಿಸುವುದು ನೀರಿನ ಕೊರತೆಯಲ್ಲ, ಒಣ ಉಜ್ಜುವಿಕೆ ಮತ್ತು ಕೊಳೆ ಬಟ್ಟೆ.

ಮಗುವಿಗೆ ಎರೆಯುವ ಹಾಗೆ

ಕಾರು ತೊಳೆಯುವುದಕ್ಕೆ ಹೊತ್ತು ಬೆಳಗ್ಗೆ, ಜಾಗ ನೆರಳು. ಬಿಸಿ ತಗಡಿನ ಮೇಲೆ ನೀರು ಬೇಗ ಆರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಅಲ್ಲೇ ಉಳಿದು ಬಿಳಿ ಚುಕ್ಕೆಗಳಾಗುತ್ತವೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊಪ್ಪಳಿಕೆಯೂ ಇದೇ.

ಮೊದಲ ಬಕೆಟ್: ನೆನೆಸುವುದಕ್ಕೆ. ಹೂಕುಂಡಕ್ಕೆ ನೀರು ಹಾಕುವ ಕ್ಯಾನಿನಿಂದ ಮಾಡಿನ ಮೇಲೆ ಮೆಲ್ಲಗೆ ಸುರಿದರೆ ನೀರು ತಾನಾಗಿ ಗಾಜು, ಬಾಗಿಲುಗಳ ಮೇಲೆ ಇಳಿಯುತ್ತದೆ. ಸಡಿಲ ಧೂಳು ಅದರೊಡನೆ ಹೋಗುತ್ತದೆ. ಈ ಹಂತದಲ್ಲಿ ಕೈ ತಾಗಿಸುವಂತಿಲ್ಲ. ಆರ್‌ಒ ಫಿಲ್ಟರಿನಿಂದ ಹೊರಹೋಗುವ ನೀರನ್ನು ಹಿಡಿದಿಟ್ಟಿದ್ದರೆ ಇದಕ್ಕೆ ಬಳಸಬಹುದು.

ಎರಡನೆಯ ಬಕೆಟ್ಟಿನ ನೀರನ್ನು ಎರಡು ಪಾಲು ಮಾಡಿಕೊಳ್ಳಿ. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಗುಟ್ಟು ಇರುವುದೇ ಇಲ್ಲಿ. ನೊರೆನೀರಿನಲ್ಲಿ ಬಟ್ಟೆ ಅದ್ದಿ ಒಂದು ಭಾಗ ಒರೆಸಿ. ಆಮೇಲೆ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಹಿಂಡಿ. ಮತ್ತೆ ನೊರೆನೀರಿಗೆ ಅದ್ದಿ. ಕಾರಿನಿಂದ ಬಂದ ಮರಳು ಜಾಲಿಸುವ ಬಕೆಟ್ಟಿನ ತಳ ಸೇರುತ್ತದೆ, ಮತ್ತೆ ಕಾರಿನ ಮೈಗೆ ಬರುವುದಿಲ್ಲ. ಮಗುವಿಗೆ ಎರೆಯುವಾಗ ತಲೆಯಿಂದ ಕಾಲಿಗೆ ಬರುತ್ತೇವಲ್ಲ, ಹಾಗೇ ಇಲ್ಲೂ: ಮಾಡು, ಗಾಜು, ಬಾನೆಟ್, ಡಿಕ್ಕಿ, ಬಾಗಿಲು, ಕೊನೆಗೆ ಕೆಳಭಾಗ.

ಚಕ್ರಗಳ ಸರದಿ ಎಲ್ಲಕ್ಕಿಂತ ಕೊನೆಗೆ, ಉಳಿದ ನೊರೆನೀರಿನಲ್ಲಿ. ಅದಕ್ಕೆ ಬೇರೆಯೇ ಬ್ರಷ್ಷು, ಬೇರೆಯೇ ಬಟ್ಟೆ. ಚಕ್ರದ ಮೇಲಿನ ಕಪ್ಪು ಪುಡಿ ಮಾಮೂಲಿ ಧೂಳಲ್ಲ. ಬ್ರೇಕ್ ಹಾಕಿದಾಗಲೆಲ್ಲ ಒಳಗಿನ ಕಬ್ಬಿಣದ ತಟ್ಟೆ ತುಸು ಸವೆಯುತ್ತದೆ, ಆ ಪುಡಿಯೂ ಅದರಲ್ಲಿ ಸೇರಿರುತ್ತದೆ. ಮಕ್ಕಳೇ, ತೊಳೆಯುವ ಮೊದಲು ಒಣ ಚಕ್ರದ ಬಳಿ ಕಾಗದ ಸುತ್ತಿದ ಆಯಸ್ಕಾಂತ ಹಿಡಿದು ನೋಡಿ, ಕಪ್ಪು ಕಣಗಳು ಅಂಟಿಕೊಳ್ಳುವುದು ಕಾಣುತ್ತದೆ.

ಮೂರನೆಯ ಬಕೆಟ್: ನೊರೆ ತೆಗೆಯಲು. ಮಳೆಗಾಲದಲ್ಲಿ ಮಾಡಿನ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದರೆ ಇದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಮಳೆನೀರು ಮೃದು, ಚುಕ್ಕೆ ಉಳಿಸುವುದಿಲ್ಲ. ಕೂಡಲೇ ಒಣ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸಿ. ಈ ಬಟ್ಟೆಯ ಎಳೆಗಳು ರೇಷ್ಮೆಗಿಂತ ನವಿರು, ಸೀಳಿದ ಎಳೆಗಳ ನಡುವೆ ನೀರೂ ಕೊಳೆಯೂ ಸಿಕ್ಕಿಕೊಳ್ಳುತ್ತವೆ. ಹಳೆಯ ಬನಿಯನ್ ಕಾರಿನ ಒಳಭಾಗಕ್ಕೆ ಸಾಕು. ಗುಂಡಿ, ದಪ್ಪ ಹೊಲಿಗೆ ಇರುವ ಹಳೆಯ ಅಂಗಿ ಮಾತ್ರ ಬೇಡವೇ ಬೇಡ.

ನೊರೆಯ ಸ್ನೇಹ, ಕೆಸುವಿನೆಲೆಯ ಗುಣ

“ಪಾತ್ರೆ ತೊಳೆಯುವ ಸೋಪೇ ಇದೆಯಲ್ಲ, ಕಾರಿಗೆ ಬೇರೆ ಶಾಂಪೂ ಯಾಕೆ ತಾತ?” ಇದು ಮೊಮ್ಮಗಳ ಪ್ರಶ್ನೆ.

ಸಾಬೂನಿನ ಅಣುವಿಗೆ ಎರಡು ತುದಿ. ಒಂದಕ್ಕೆ ನೀರಿನ ಸ್ನೇಹ, ಇನ್ನೊಂದಕ್ಕೆ ಜಿಡ್ಡಿನ ಸ್ನೇಹ. ಜಿಡ್ಡಿನ ಸ್ನೇಹಿತರು ಕೊಳೆಯನ್ನು ಸುತ್ತುವರಿಯುತ್ತಾರೆ, ನೀರಿನ ಸ್ನೇಹಿತರು ಅದನ್ನು ಎಳೆದುಕೊಂಡು ಹೋಗುತ್ತಾರೆ. ಒಗ್ಗರಣೆಯ ಜಿಡ್ಡನ್ನು ಬಿಡಿಸಲೆಂದೇ ಮಾಡಿದ ಪಾತ್ರೆಯ ಸೋಪು ಕಾರಿನ ಮೇಲೆ ನಾವು ಹಚ್ಚಿದ ಮೇಣವನ್ನೂ ಬಿಡಿಸಿಬಿಡುತ್ತದೆ. ಕಾರಿನ ಶಾಂಪೂ ಅಷ್ಟು ಖಾರವಲ್ಲ, ಜಾರುಗುಣವೂ ಇದ್ದು ಬಟ್ಟೆ ನಯವಾಗಿ ಸರಿಯುತ್ತದೆ.

ಮೇಣ ಹಚ್ಚುವುದು ಯಾಕೆ? ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ನೋಡಿದ್ದೀರಲ್ಲ. ಆ ಎಲೆಯ ಮೇಲೆ ಮೇಣ ಲೇಪಿಸಿದ ಅತಿಸಣ್ಣ ಉಬ್ಬುಗಳಿವೆ, ನೀರು ಹರಡಿ ಕೂರಲಾರದು. ಮೇಣ ಹಚ್ಚಿದ ಕಾರಿನ ಮೇಲೂ ನೀರು ಹನಿಗಟ್ಟಿ ಜಾರುತ್ತದೆ, ಧೂಳು ಸುಲಭವಾಗಿ ಬಿಡುತ್ತದೆ. ಕಾರಿನ ಮೇಣಗಳಲ್ಲಿ ಹೆಸರಾದ ಕಾರ್ನೌಬಾ, ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ತೊಳೆದು ಒಣಗಿಸಿದ ಕಾರಿಗೆ ತೆಳ್ಳಗೆ ಹಚ್ಚಿ, ಆರಿದ ಮೇಲೆ ಒರೆಸಿ ತೆಗೆದರಾಯಿತು. ಮುಂದಿನ ವಾರ ತೊಳೆಯುವ ಶ್ರಮವೂ ನೀರೂ ಎರಡೂ ಕಡಿಮೆ.

ಹಕ್ಕಿ, ಹುಳು, ಅರಿಸಿನ

ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಒಣಗಲು ಬಿಟ್ಟರೆ ಅದು ಕ್ಲಿಯರ್ ಕೋಟನ್ನು ಕೊರೆದು ಗುರುತು ಉಳಿಸುತ್ತದೆ. ಭಾನುವಾರದವರೆಗೆ ಕಾಯಬೇಡಿ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹೊದಿಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆಯಬೇಡಿ.

ಮಾವು ಹೂ ಬಿಡುವ ಕಾಲದಲ್ಲಿ ಮರದಡಿ ನಿಲ್ಲಿಸಿದ ಕಾರು ಅಂಟಂಟಾಗುತ್ತದೆ. ಅದು ಮರದ ಹಾಲೆಂದು ಅನೇಕರು ತಿಳಿದಿದ್ದಾರೆ. ಹೂವಿನ ರಸ ಹೀರುವ ಜಿಗಿಹುಳುಗಳು ಹೊರಹಾಕುವ ಸಿಹಿದ್ರವ ಅದು. ಉಗುರುಬೆಚ್ಚಗಿನ ನೀರಿಗೆ ಬೇಗ ಕರಗುತ್ತದೆ.

ಆಯುಧಪೂಜೆಯಂದು ಅರಿಸಿನ ಕುಂಕುಮವನ್ನು ಗಾಜಿಗೋ ನಂಬರ್ ಫಲಕದ ಅಂಚಿಗೋ ಹಚ್ಚಿದರೆ ಪೂಜೆಗೂ ಕೊರತೆಯಿಲ್ಲ, ಬಣ್ಣಕ್ಕೂ ತೊಂದರೆಯಿಲ್ಲ. ಬಾಳೆಕಂದಿನ ಕರೆ ಹಟಮಾರಿ, ಪೂಜೆಯ ಸಂಜೆಯೇ ಕಂದು ಬಿಚ್ಚಿ ಒರೆಸಿಬಿಡಿ. ಕರಾವಳಿಯ ಅಜ್ಜ ಅಜ್ಜಿಯರಿಗೆ ಇನ್ನೊಂದು ಮಾತು. ಸಮುದ್ರದ ಗಾಳಿಯ ಉಪ್ಪು ತುಕ್ಕನ್ನು ಬೇಗ ಕರೆಯುತ್ತದೆ, ನಿಮ್ಮ ಕಾರಿನ ಕೆಳಮೈಗೂ ಆಗಾಗ ನೀರು ತೋರಿಸಿ.

ಒಳಮನೆ ಮತ್ತು ಗುಟ್ಟಿನ ತೂತುಗಳು

ಒಳಗೆ ಮೊದಲು ಮ್ಯಾಟುಗಳನ್ನು ಹೊರತೆಗೆದು ಕೊಡವಿ. ಸೀಟಿನ ಸಂದಿನಲ್ಲಿ ಬಿಸ್ಕತ್ತಿನ ಪುಡಿ, ಕಡಲೆಬೀಜದ ಸಿಪ್ಪೆ ಉಳಿದರೆ ಇರುವೆ ಬರುತ್ತದೆ, ಇಲಿಯೂ ಬರಬಹುದು. ಇಲಿ ಬಂದರೆ ವೈರುಗಳಿಗೆ ಹಲ್ಲು ಹಾಕುತ್ತದೆ. ಡ್ಯಾಶ್‌ಬೋರ್ಡಿಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ಸ್ಟಿಯರಿಂಗ್, ಪೆಡಲುಗಳಿಗೆ ಜಾರುವಂಥ ಪಾಲಿಶ್ ಹಚ್ಚಲೇಬಾರದು.

ಬಾಗಿಲು ತೆರೆದು ಅದರ ಕೆಳ ಅಂಚನ್ನು ನೋಡಿ. ಸಣ್ಣ ತೂತುಗಳು ಕಾಣುತ್ತವೆ. ಕಿಟಕಿಯ ಗಾಜಿನ ಸಂದಿನಲ್ಲಿ ಇಳಿದ ಮಳೆನೀರು ಹೊರಹೋಗುವ ದಾರಿ ಅದು. ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ಮುಂಗಾಜಿನ ಬುಡದಲ್ಲಿ ಸೇರುವ ಒಣ ಎಲೆಗಳೂ ಹಾಗೇ ನೀರಿನ ದಾರಿ ಕಟ್ಟುತ್ತವೆ. ಅವನ್ನು ಹೆಕ್ಕಲು ಮಕ್ಕಳ ಪುಟ್ಟ ಬೆರಳುಗಳೇ ಸರಿ.

ತೊಳೆದ ನೀರು ಎಲ್ಲಿಗೆ?

ಬೀದಿಯ ಮಳೆನೀರ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ ಚಿತ್ರಗಳನ್ನು ನೀವು ನೋಡಿರಬಹುದು. ಕೊಳಚೆಯ ಜೊತೆ ಮಾರ್ಜಕಗಳೂ ಸೇರಿದ್ದರ ಫಲ ಅದು. ನೊರೆನೀರನ್ನು ಮನೆಯೊಳಗಿನ ಬಚ್ಚಲಿಗೆ ಸುರಿದರೆ ಒಳಚರಂಡಿಗೆ ಹೋಗುತ್ತದೆ. ಎಣ್ಣೆ, ಬ್ರೇಕ್ ಪುಡಿ ಸೇರಿದ ಈ ನೀರನ್ನು ತುಳಸಿಗೂ ತರಕಾರಿ ಗಿಡಕ್ಕೂ ಹಾಕಬೇಡಿ.

ಯಾರಿಗೆ ಯಾವ ಕೆಲಸ?

• ಮಕ್ಕಳಿಗೆ: ನೀರಿನ ಲೆಕ್ಕ, ಮ್ಯಾಟು ಕೊಡವುವುದು, ಬಾಗಿಲು ಒರೆಸುವುದು, ಎಲೆ ಹೆಕ್ಕುವುದು. ಕಾರಿನ ಅಡಿಗೆ ನುಸುಳಬಾರದು.

• ಅಜ್ಜ ಅಜ್ಜಿಯರಿಗೆ: ಬಟ್ಟೆ ಜಾಲಿಸುವುದು, ಗಾಜು, ಡ್ಯಾಶ್‌ಬೋರ್ಡ್. ಬಕೆಟ್ಟನ್ನು ಒಂದು ಸ್ಟೂಲಿನ ಮೇಲೆ ಇಟ್ಟುಕೊಂಡರೆ ಬಗ್ಗುವುದು ತಪ್ಪುತ್ತದೆ. ನೊರೆ ಚೆಲ್ಲಿದ ನೆಲ ಜಾರುತ್ತದೆ, ಎಚ್ಚರ.

• ಅಪ್ಪ ಅಮ್ಮಂದಿರಿಗೆ: ಮಾಡು, ಚಕ್ರ. ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದು, ಚಕ್ರ ತಣ್ಣಗಾದ ಮೇಲೆ ಕೆಲಸಕ್ಕೆ ಇಳಿಯಿರಿ. ಎಂಜಿನ್ನಿಗೆ ನೀರು ಸುರಿಯಬೇಡಿ. ತೊಳೆದ ಮೇಲೆ ಮೊದಲು ಮೆಲ್ಲಗೆ ಓಡಿಸಿ, ಒಂದೆರಡು ಸಲ ಬ್ರೇಕ್ ಒತ್ತಿ ಒಣಗಿಸಿ.

ಬರುವ ಭಾನುವಾರ ನಿಮ್ಮ ಮನೆಯ ಪೈಪಿಗೂ ಒಂದು ಬಕೆಟ್ ಹಿಡಿದು ನೋಡಿ. ಎಷ್ಟು ಸೆಕೆಂಡಿಗೆ ತುಂಬಿತು ಎಂದು ಬರೆದುಕೊಳ್ಳಿ, ಒಂದು ವರ್ಷದ ಲೆಕ್ಕ ಹಾಕಿ, ಆ ಚೀಟಿಯನ್ನು ನಲ್ಲಿಯ ಪಕ್ಕದ ಗೋಡೆಗೆ ಅಂಟಿಸಿ. ಆಮೇಲೆ ಪೈಪು ಸುತ್ತಿಡಿ ಎಂದು ಮನೆಯಲ್ಲಿ ಯಾರಿಗೂ ಹೇಳಬೇಕಾಗುವುದಿಲ್ಲ.